ಬಾವಿಯೊಳಗಿನ ಪೆಟ್ಲುಪ್ಪು

ನಮ್ಮ ಚಿಕ್ಕಮಾವ ಯಾವ ಮನೆಯ ನೀರನ್ನಾದರೂ ಒಂದು ಗುಟುಕು ಕುಡಿದು, ಆ ಮನೆಯಲ್ಲಿ ಎಷ್ಟು ದನಗಳಿವೆ ಎಂದು ಹೇಳಿಬಿಡುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನೂ ನಂಬಿರಲಿಲ್ಲ. ಹತ್ತು ಸಲ ಹೇಳಿದರೆ ಆರು ಸಲವಾದರೂ ತಪ್ಪುತ್ತಿತ್ತು. ತಪ್ಪಿದಾಗ ಅವರು ತಮ್ಮ ನಾಲಿಗೆಯನ್ನು ದೂರುತ್ತಿದ್ದರೇ? ಎಲ್ಲಿ ಬಂತು! "ಇನ್ನೆರಡು ದನ ಎಲ್ಲೋ ಅವೆ, ಹೋಗಿ ಹುಡುಕ್ರಿ" ಎಂದು ಮನೆಯವರನ್ನೇ ದಬಾಯಿಸುತ್ತಿದ್ದರು.

ಚಿಕ್ಕಮಾವ ಎಂದರೆ ನನ್ನ ಮಾವನವರ ತಮ್ಮ. ಮದುವೆಯಾಗಿರಲಿಲ್ಲ. ಎತ್ತರದ ಆಳು, ಹುರಿಮೀಸೆ, ಮೊಣಕಾಲು ಮುಟ್ಟುವ ಖಾಕಿ ಚಡ್ಡಿ. ನಾನು ಅವರನ್ನು ಮೊದಲು ಕಂಡದ್ದು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ. ನಮ್ಮ ತೌರು ಹಾಸನದ ಕಡೆಯ ಹಳ್ಳಿ. ಗಂಡಿನ ಮನೆ ಫ್ರೇಜರ್‌ಪೇಟೆಯ ಹತ್ತಿರ, ಈಗ ನೀವು ಕುಶಾಲನಗರ ಅನ್ನುತ್ತೀರಲ್ಲ, ಅಲ್ಲಿ. ಅವರೂ ಮೂಲದಲ್ಲಿ ನಮ್ಮ ಕಡೆಯವರೇ, ಅಜ್ಜನ ಕಾಲದಲ್ಲಿ ಭೂಮಿ ಹುಡುಕಿಕೊಂಡು ಹೊಳೆ ದಾಟಿದವರು. ಆಗಿನ್ನೂ ಕೊಡಗು ತನ್ನದೇ ಒಂದು ರಾಜ್ಯ. ಕಾವೇರಿಯ ಸೇತುವೆಯ ಒಂದು ತುದಿ ಮೈಸೂರು, ಇನ್ನೊಂದು ತುದಿ ಕೊಡಗು. ಹೊರರಾಜ್ಯಕ್ಕೆ ಹೆಣ್ಣು ಕೊಡುವುದೋ ಬೇಡವೋ ಎಂದು ನಮ್ಮಪ್ಪ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ನಾನು ತಲೆ ತಗ್ಗಿಸಿಕೊಂಡು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದೆ. ಎಲ್ಲರೂ ನನ್ನನ್ನು ನೋಡಿದರು. ಒಬ್ಬರು ಮಾತ್ರ ನೀರಿನ ಚೆಂಬನ್ನು ನೋಡುತ್ತಿದ್ದರು. ನೋಡಿ, ಮೂಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ, ಕಣ್ಣು ಮುಚ್ಚಿಕೊಂಡು ಕೂತುಬಿಟ್ಟರು. ನಮ್ಮಪ್ಪನಿಗೆ ಗಾಬರಿ. ಕೊನೆಗೆ ಕಣ್ಣು ಬಿಟ್ಟು, ಗಂಭೀರವಾಗಿ ತಮ್ಮ ಅಣ್ಣನ ಕಡೆ ತಿರುಗಿ ಹೇಳಿದರು:

"ನೀರು ಚೆನ್ನಾಗೈತೆ. ಹುಡುಗೀನೂ ಪರವಾಗಿಲ್ಲ."

ಹೀಗೆ ನನ್ನ ಮದುವೆ ನಿಶ್ಚಯವಾಯಿತು. ನನ್ನ ಗಂಡ ನನ್ನನ್ನು ಒಪ್ಪಿದರೋ, ನಮ್ಮ ಬಾವಿಯನ್ನು ಅವರ ಚಿಕ್ಕಪ್ಪ ಒಪ್ಪಿದ್ದಕ್ಕೆ ಒಪ್ಪಿದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೇಳಿದರೆ ನಗುತ್ತಾರೆ.

ಈ ನೀರಿನ ಹುಚ್ಚು ಅವರಿಗೆ ಹಿಡಿದದ್ದು ಸೇನೆಯಲ್ಲಿ. ಮಹಾಯುದ್ಧ ನಡೆಯುವಾಗ ಇಟಲಿಗೆ ಹೋಗಿದ್ದರು. ಕೋವಿ ಹಿಡಿದು ಶತ್ರುವಿನ ಎದೆಗೆ ಗುಂಡು ಹೊಡೆದವರಲ್ಲ. ಅವರ ಕೆಲಸ, ದಂಡು ಹೋದಲ್ಲೆಲ್ಲ ಮುಂದಾಗಿ ಹೋಗಿ ಬಾವಿ ಹುಡುಕುವುದು, ನೀರು ಪರೀಕ್ಷೆ ಮಾಡುವುದು, ಔಷಧಿ ಹಾಕುವುದು, ಆಮೇಲೆ ಬಾವಿಗೆ ಒಂದು ಹಲಗೆ ತೂಗುಹಾಕುವುದು. ಒಳ್ಳೆಯದಾದರೆ ಕುಡಿಯಬಹುದು ಎಂದು, ಕೆಟ್ಟದಾದರೆ ಕುಡಿಯಬಾರದು ಎಂದು. ಅಲ್ಲಿ ಒಂದು ಬೆಂಕಿಬೆಟ್ಟದ ಬುಡದಲ್ಲಿ ಅವರ ತುಕಡಿ ಆರು ತಿಂಗಳು ಬೀಡುಬಿಟ್ಟಿತ್ತಂತೆ. ಅಲ್ಲಿಂದ ಎಲ್ಲರೂ ಗಡಿಯಾರ, ಕತ್ತರಿ, ಕಂಬಳಿ ತಂದರೆ ಚಿಕ್ಕಮಾವ ತಂದದ್ದು ಒಂದು ಕಲ್ಲು!

ಆ ಕಲ್ಲಿನ ವಿಶೇಷವೇನೆಂದರೆ ಅದು ನೀರಿನಲ್ಲಿ ತೇಲುತ್ತಿತ್ತು. ಮನೆಗೆ ಯಾರೇ ಬರಲಿ, ಒಂದು ತಂಬಿಗೆ ನೀರು ತರಿಸಿ, ಕಲ್ಲನ್ನು ತೇಲಿಬಿಟ್ಟು, ಪಾಠ ಶುರು ಮಾಡುತ್ತಿದ್ದರು. ಬೆಂಕಿಬೆಟ್ಟ ಉಗುಳಿದ ಕಲ್ಲೆಲ್ಲ ಹೀಗೇ, ಒಳಗೆಲ್ಲ ತೂತು, ಬಿರುಕು. ಮೇಲೆ ನೀವು ಏನು ಸುರಿದರೂ ಸೋಸದೆ ಬಾವಿಗೆ ಇಳಿಯುತ್ತದೆ. ಕೊಟ್ಟಿಗೆಯ ಗಂಜಲ, ತಿಪ್ಪೆಯ ರಸ, ಎಲ್ಲ ಇಳಿದು ನೆಲದೊಳಗೆ ಒಂದು ಉಪ್ಪಾಗುತ್ತದೆ. ಯಾವ ಉಪ್ಪು? ಕೋವಿ ಮದ್ದಿಗೆ ಹಾಕುವ ಪೆಟ್ಲುಪ್ಪು! ಇಷ್ಟು ಹೇಳಿ, ಬಂದವರ ಮುಖ ನೋಡಿ, ಮೀಸೆ ತಿರುವುತ್ತಿದ್ದರು. ಈ ಪಾಠದಲ್ಲಿ ಒಂದೇ ಒಂದು ತೊಡಕು. ನಮ್ಮ ಅತ್ತೆಯವರು ಆ ಕಲ್ಲಿನಲ್ಲಿ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದರು. ಹಾಗಾಗಿ ನೆಂಟರು ಬಂದಾಗಲೆಲ್ಲ ಚಿಕ್ಕಮಾವ ಬಚ್ಚಲುಮನೆಗೆ ಓಡಬೇಕಾಗಿತ್ತು.

ಸರಿ, ಇಟಲಿಯ ಕಥೆ ಇಟಲಿಗೆ ಇರಲಿ ಎಂದರೆ ಕೇಳಬೇಕಲ್ಲ? ಕೊಡಗಿನ ಬೆಟ್ಟಗಳೂ ಬೆಂಕಿಬೆಟ್ಟಗಳೇ ಎಂದು ಅವರ ವಾದ. ನಮ್ಮ ಗೋಡೆಗಳಿಗೆ ಇಟ್ಟ ಕೆಂಪು ಕಲ್ಲನ್ನು ತೋರಿಸಿ, "ನೋಡಿ, ಇಲ್ಲೂ ತೂತು!" ಎನ್ನುತ್ತಿದ್ದರು. ಊರ ಶಾಲೆಯ ಮೇಷ್ಟ್ರು ಒಂದು ದಿನ ಪಾಪ, ಕೈಯಲ್ಲಿ ಭೂಪಟ ಹಿಡಿದುಕೊಂಡೇ ಬಂದರು.

"ಕೊಡಗಿನಲ್ಲಿ ಜ್ವಾಲಾಮುಖಿ ಇಲ್ಲ ಸ್ವಾಮಿ. ನೀವೇ ನೋಡಿ, ಎಲ್ಲೂ ಗುರುತು ಹಾಕಿಲ್ಲ."

"ಈ ಭೂಪಟ ಬರೆದೋನು ಬಾವಿ ತೋಡಿದ್ನಾ ಮೇಷ್ಟ್ರೇ?"

"ಅದು ನನಗೆ ಹೇಗೆ ಗೊತ್ತಾಗಬೇಕು?"

"ಗೊತ್ತಿಲ್ಲದ ಮ್ಯಾಲೆ ಮಡಚಿ ಇಡಿ."

ಮೇಷ್ಟ್ರು ಮಡಚಿ ಇಟ್ಟರು. ಆಮೇಲೆ ನಮ್ಮ ಮನೆಗೆ ಕಾಫಿಗೆ ಬಂದರೂ ನೀರು ಮಾತ್ರ ಮುಟ್ಟುತ್ತಿರಲಿಲ್ಲ. ಮೇಷ್ಟ್ರಿಗೆ ಅದು ನಂಬಿಕೆಯೋ ಮುನಿಸೋ, ಆ ಗೊಂದಲವೂ ಹಾಗೇ ಉಳಿದಿದೆ.

ಒಮ್ಮೆ ಕಕ್ಕಬೆಯ ಒಂದು ಮದುವೆಗೆ ನಮ್ಮನ್ನೆಲ್ಲ ಕರೆದಿದ್ದರು. ಮದುಮಗಳ ತಂದೆ ಕೊಡವರು, ಚಿಕ್ಕಮಾವನ ಜೊತೆ ಸೇನೆಯಲ್ಲಿದ್ದವರು. ಗಂಡಸರ ಉದ್ದ ಕುಪ್ಪಸ, ಸೊಂಟದಲ್ಲಿ ಪೀಚೆಕತ್ತಿ, ಹಾಡು, ಕುಣಿತ, ಎಲ್ಲ ಜೋರಾಗಿ ನಡೆದಿದೆ. ಚಿಕ್ಕಮಾವ ಮಾತ್ರ ಬಾವಿಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದಾರೆ! ಮನೆಯ ಯಜಮಾನರು ಹುಡುಕಿಕೊಂಡು ಬಂದರು.

"ಎಂತ ಮಾರಾಯ, ಊಟಕ್ಕೆ ಬಾರದೆ ಇಲ್ಲಿ ತಪಸ್ಸು ಮಾಡ್ತಾ ಉಂಟಾ?"

"ನಿಮ್ಮ ಬಾವೀಲಿ ಪೆಟ್ಲುಪ್ಪು ಐತೆ. ಸ್ವಲ್ಪ. ಆದ್ರೂ ಐತೆ."

ಯಜಮಾನರು ಸೊಂಟದ ಮೇಲೆ ಕೈಯಿಟ್ಟುಕೊಂಡು ಮನೆಯೆಲ್ಲ ಕೇಳುವಂತೆ ನಕ್ಕರು. "ಮೊದಲೇ ಹೇಳಬಾರದಾ ಮಾರಾಯ! ಇನ್ನು ಹಂದಿ ಬೇಟೆಗೆ ಮದ್ದು ಬೇಡ, ಕೋವಿಗೆ ಒಂದು ಚೆಂಬು ನೀರು ಹೊಯ್ದರೆ ಆಯ್ತು!"

ಆ ಮಾತು ನಮಗಿಂತ ಮೊದಲೇ ಫ್ರೇಜರ್‌ಪೇಟೆಗೆ ಬಂದು ತಲುಪಿತ್ತು. ಸಂತೆಯಲ್ಲಿ ಜನ ಚಿಕ್ಕಮಾವನನ್ನು ಕಂಡರೆ, "ಬಾವಿ ಹತ್ರ ಬೀಡಿ ಹಚ್ಚಬೋದಾ ಯಜಮಾನ್ರೇ, ಸಿಡೀತದಾ?" ಎಂದು ಕೇಳುವರು. ಇವರು ಅದಕ್ಕೂ ಶ್ರದ್ಧೆಯಿಂದ ಉತ್ತರ ಕೊಡುತ್ತಿದ್ದರು. "ಹಚ್ಚಬೋದು. ಸಿಡಿಯಲ್ಲ. ಕುಡೀಬಾರ್ದು ಅಷ್ಟೆ."

ಹೊರಗಿನ ಬಾವಿಗಳ ಮಾತು ಹೀಗಾದರೆ ಮನೆಯ ಬಾವಿಯದು ನಿತ್ಯದ ಜಗಳ. ನಾನು ಆ ಮನೆಗೆ ಹೋದ ಮರುವರ್ಷ ಮಾವನವರು ಹೊಸ ಕೊಟ್ಟಿಗೆ ಕಟ್ಟಿಸಿದರು. ಎಲ್ಲಿ? ಬಾವಿಯ ಮೇಲುಗಡೆಯ ಇಳಿಜಾರಿನಲ್ಲಿ. ಏಕೆ? ಕೊಟ್ಟಿಗೆ ತೊಳೆಯಲು ನೀರು ಹತ್ತಿರ, ತೊಳೆದ ನೀರು ತಾನಾಗಿ ಕೆಳಗಿನ ತಿಪ್ಪೆಗುಂಡಿಗೆ ಇಳಿಯುತ್ತದೆ, ಯಾರೂ ಹೊರಬೇಕಾಗಿಲ್ಲ. ಇದಕ್ಕಿಂತ ಅನುಕೂಲ ಉಂಟೇ? ಊರವರೆಲ್ಲ ಬಂದು ಹೊಗಳಿ ಹೋದರು. ಚಿಕ್ಕಮಾವ ಒಂದು ಹಲಗೆಯ ಮೇಲೆ "ಈ ನೀರನ್ನು ಕುಡಿಯಕೂಡದು, ಆಜ್ಞೆ" ಎಂದು ಸುಣ್ಣದಲ್ಲಿ ಬರೆದು ರಾಟೆಯ ಕಂಬಕ್ಕೆ ನೇತುಹಾಕಿದರು. ಅತ್ತೆಯವರು ಅದನ್ನು ಕಿತ್ತು ಹಿಟ್ಟಿನ ಮಡಕೆಗೆ ಮುಚ್ಚಳ ಮಾಡಿಕೊಂಡರು.

"ನಮ್ಮತ್ತೆ ಈ ನೀರೇ ಕುಡ್ದು ಎಂಟು ಹೆತ್ತವ್ರೆ. ಅದ್ರಲ್ಲಿ ನೀನೂ ಒಬ್ಬ ಕಣಪ್ಪ" ಎಂದರು ಅತ್ತೆ.

"ಆಗ ಕೊಟ್ಟಿಗೆ ಅಲ್ಲಿರ್ನಿಲ್ಲ ಅತ್ಗೆ."

"ಕೊಟ್ಟಿಗೆ ಎಲ್ಲಿದ್ರೇನು? ದನ ಬಾವೀಗೆ ಇಳೀತವಾ?"

ಚಿಕ್ಕಮಾವ ಒಂದು ಮೈಲಿ ದೂರದ ಗುಡ್ಡದ ಬುಡದ ಒರತೆಯಿಂದ ತಮಗೊಬ್ಬರಿಗೆ ನೀರು ತಂದುಕೊಳ್ಳಲು ಶುರು ಮಾಡಿದರು. ನಾವೆಲ್ಲ ಬಾವಿಯ ನೀರು ಕುಡಿದೆವು. ನಮಗೆ ಏನೂ ಆಗಲಿಲ್ಲ. ತಲೆನೋವು ಕೂಡ ಬರಲಿಲ್ಲ. ಒರತೆಯ ನೀರು ಕುಡಿದ ಅವರಿಗೇ ನೆಗಡಿಯಾಯಿತು! ಅತ್ತೆಯವರು ಒಂದು ವಾರ ಸಂತೋಷದಲ್ಲಿದ್ದರು.

ಇಷ್ಟು ಹೊತ್ತು ನಾನು ನಗುತ್ತಾ ಹೇಳಿದೆ. ಇನ್ನು ಮುಂದಿನದನ್ನು ನಗುತ್ತಾ ಹೇಳಲು ನನಗೆ ಬರುವುದಿಲ್ಲ, ಆದರೂ ಪ್ರಯತ್ನ ಮಾಡುತ್ತೇನೆ.

ನನಗೆ ಗಂಡು ಮಗು ಹುಟ್ಟಿತು. ತೌರಿನಲ್ಲಿ ನನಗೆ ತಾಯಿಯಿರಲಿಲ್ಲ, ಬಾಣಂತನವೆಲ್ಲ ಅತ್ತೆಯವರದೇ. ಹೆತ್ತ ತಾಯಿ ಮಾಡುತ್ತಿದ್ದಳೋ ಇಲ್ಲವೋ, ಅಷ್ಟು ಮಾಡಿದರು. ಮಗುವಿಗೆ ಒಂದೂವರೆ ತಿಂಗಳಾಗುವಾಗ ನನಗೆ ವಿಷಮಶೀತ ಜ್ವರ ಬಂತು. ಹಾಲು ಬತ್ತಿತು. ಹಸುವಿನ ಹಾಲು ಮಗುವಿಗೆ ಹಿಡಿಸಲಿಲ್ಲ, ಕಕ್ಕಿಕೊಳ್ಳುತ್ತಿತ್ತು. ಪೇಟೆಯಿಂದ ಡಬ್ಬಿಯ ಹಾಲಿನ ಪುಡಿ ತಂದರು. ಅದನ್ನು ನೀರಿನಲ್ಲಿ ಕಲಸಿ ಒಳಲೆಯಲ್ಲಿ ಕುಡಿಸಬೇಕು. ಜ್ವರ ನೋಡಲು ಬಂದ ಡಾಕ್ಟರು, ನೀರನ್ನು ಚೆನ್ನಾಗಿ ಕುದಿಸಿ ಕೊಡಿ ಎಂದು ಹೇಳಿ ಹೋದರು. ಅದು ಸರಿಯಾದ ಮಾತೇ, ಚಿಕ್ಕಮಾವನೂ ಊರಿಗೆಲ್ಲ ಹೇಳುತ್ತಿದ್ದದ್ದು ಅದನ್ನೇ. ಆದರೆ ನಮ್ಮ ಅತ್ತೆಯವರಿಗೆ 'ಚೆನ್ನಾಗಿ' ಎಂದರೆ ಸಾಮಾನ್ಯ ಅಳತೆಯಲ್ಲ. ಬೆಳಿಗ್ಗೆ ಒಂದು ತಪ್ಪಲೆ ನೀರನ್ನು ಒಲೆಯ ಮೇಲಿಟ್ಟರೆ, ಅದು ಅರ್ಧಕ್ಕೆ ಇಳಿದು, ಕಾಲಿಗೆ ಇಳಿದು, ಒಂದು ಲೋಟವಾದ ಮೇಲೇ ಅವರಿಗೆ ಸಮಾಧಾನ. ಹೊಗೆಗೆ ಕಣ್ಣು ಕೆಂಪಗಾದರೂ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಮೊಮ್ಮಗನಿಗೆ ಕೊಡುವ ನೀರು!

ಮಗು ಗುಟುಗುಟು ಕುಡಿಯಿತು. ಕುಡಿದು ಮಲಗಿತು. ಕೆಲವು ದಿನಗಳಲ್ಲಿ ಅದರ ಬಣ್ಣ ಸ್ವಲ್ಪ ಬದಲಾದಂತೆ ಕಂಡಿತು. ಬೂದಿ ಬೆರೆಸಿದ ಹಾಗೆ ಒಂಥರಾ ನೀಲಿ. ಅತ್ತೆಯವರು ನೋಡಿದರು. ನೋಡಿ ಏನೆಂದರು ಗೊತ್ತೇ? "ಕೃಷ್ಣಪರಮಾತ್ಮನೇ ನಮ್ಮನೇಲಿ ಹುಟ್ಟವ್ನೆ!" ಎಂದು ಕೈಮುಗಿದರು. ನೆರೆಮನೆಯ ಹೆಂಗಸರು ನೋಡಲು ಬಂದರು. ಒಬ್ಬರು ತಲೆಗೆ ನವಿಲುಗರಿ ಸಿಕ್ಕಿಸಿ ಹೋದರು. ಮಗು ಅಳುತ್ತಲೂ ಇರಲಿಲ್ಲ, ಸದಾ ನಿದ್ದೆ. ಎಂಥ ಸಮಾಧಾನದ ಕೂಸು ಎಂದು ಎಲ್ಲರೂ ಹೊಗಳಿದರು. ನಾನು ಜ್ವರದಲ್ಲಿ ಮಲಗಿದ್ದವಳು, ಹೊಗಳಿಕೆಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ನೋಡುತ್ತಿದ್ದೆ. ಎಂದಾದರೂ ಅತ್ತರೆ ತುಟಿ ನೇರಳೆಹಣ್ಣಿನ ಬಣ್ಣವಾಗುತ್ತಿತ್ತು. ಆಗ ನನಗೆ ಕೃಷ್ಣ ಕಾಣಿಸುತ್ತಿರಲಿಲ್ಲ, ಹೆದರಿಕೆ ಒಂದೇ ಕಾಣಿಸುತ್ತಿತ್ತು.

ಡಾಕ್ಟರು ಮತ್ತೆ ಬಂದು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಹೃದಯದಲ್ಲಿ ಏನಾದರೂ ಊನ ಇರಬಹುದು, ಸ್ವಲ್ಪ ಗಟ್ಟಿಯಾದ ಮೇಲೆ ಮಡಿಕೇರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ನಮ್ಮ ಮನೆಯವರು ಅಂಗಳದಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು. ಅತ್ತೆಯವರು ಒಳಗೆ ಹೋಗಿ ಒಲೆಗೆ ಇನ್ನೆರಡು ಸೌದೆ ತುರುಕಿ, ಇನ್ನೂ ದೊಡ್ಡ ತಪ್ಪಲೆ ಇಟ್ಟರು.

ಇಷ್ಟೆಲ್ಲ ನಡೆಯುವಾಗ ಚಿಕ್ಕಮಾವ ಊರಲ್ಲಿರಲಿಲ್ಲ. ಕುಟ್ಟದ ಒಂದು ಎಸ್ಟೇಟಿನ ರೈಟರು, ಅಂದರೆ ಗುಮಾಸ್ತರು, ಆಳುಗಳ ಲೈನುಮನೆಗಳಿಗೆ ಬಾವಿ ತೋಡಿಸುತ್ತಾ ಇವರನ್ನು ಕರೆಸಿಕೊಂಡಿದ್ದರು. ಡಾಕ್ಟರು ಬಂದುಹೋದ ಎರಡನೆಯ ದಿನ ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದರು. ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು ತೊಟ್ಟಿಲನ್ನು ನೋಡಿದರು.

"ಮಗೀನ ಉಗುರು ತೋರ್ಸವ್ವ."

ಕಂಬಳಿ ಸರಿಸಿ ಪುಟ್ಟ ಕೈ ತೋರಿಸಿದೆ. ಉಗುರುಗಳು ನೀಲಿ. ಅವರ ಕೈಯಿಂದ ಚೀಲ ಬಿತ್ತು.

"ಯಾವ ನೀರು ಕೊಡ್ತಿದ್ದೀರಿ ಇದಕ್ಕೆ?"

"ಬಾವೀದೇ" ಎಂದರು ಅತ್ತೆ. "ಹಸಿ ನೀರಲ್ಲಪ್ಪ, ಕುದ್ಸೇ ಕೊಡ್ತಿರೋದು. ತಪ್ಲೆ ನೀರು ಲೋಟ ಆಗಗಂಟ ಕುದಿಸ್ತೀನಿ."

"ಅಯ್ಯೋ, ಕುದಿಸ್ಬ್ಯಾಡಿ ಅತ್ಗೆ!" ಎಂದು ಚಿಕ್ಕಮಾವ ಕಿರುಚಿದರು. ಆ ಧ್ವನಿಗೆ ಕೊಟ್ಟಿಗೆಯಲ್ಲಿದ್ದ ಮಾವನವರು ಓಡಿ ಬಂದರು.

"ಲೋ, ನೀರು ಕುದಿಸಿ ಕುಡೀರಿ ಅಂತ ಊರಿಗೆಲ್ಲ ಸಾರ್ದೋನು ನೀನೇ ಅಲ್ವೇನ್ಲಾ? ಈಗ ಕುದಿಸ್ಬ್ಯಾಡಿ ಅಂತೀಯಾ?"

ನನ್ನ ತಲೆಯೂ ತಿರುಗಿತು. ಡಾಕ್ಟರು ಕುದಿಸಿ ಎನ್ನುತ್ತಾರೆ. ಇವರು ಇಷ್ಟು ದಿನ ಕುದಿಸಿ ಎಂದವರು ಇವತ್ತು ಬೇಡ ಎನ್ನುತ್ತಾರೆ. ಯಾರನ್ನು ನಂಬುವುದು?

"ಕುದ್ಸೋದು ಹುಳಾನ ಸಾಯ್ಸಕೆ ಕಣಣ್ಣ" ಎಂದರು ಚಿಕ್ಕಮಾವ. "ಉಪ್ಪು ಸಾಯ್ತದಾ?" ಆಮೇಲೆ ಅತ್ತೆಯ ಕಡೆ ತಿರುಗಿ, ಧ್ವನಿ ತಗ್ಗಿಸಿ ಕೇಳಿದರು: "ಅತ್ಗೆ, ಸಾರು ಕುದ್ದು ಕುದ್ದು ಕಾಲು ಭಾಗ ಆದ್ರೆ ಏನಾಯ್ತದೆ?"

ಮೂವತ್ತು ವರ್ಷ ಆ ಮನೆಯ ಒಲೆ ಉರಿಸಿದವರು ನಮ್ಮ ಅತ್ತೆ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂತು: "ಉಪ್ಪಾಗ್ತದೆ."

ಬಂದಮೇಲೆ ಒಲೆಯ ಕಡೆ ತಿರುಗಿ ತಪ್ಪಲೆಯನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಮತ್ತೆ, "ನಮ್ಮ ಬಾವೀಲಿ ಉಪ್ಪೆಲ್ಲೈತೆ?" ಎಂದರು. ಆದರೆ ಆ ಮಾತಿನಲ್ಲಿ ಮೊದಲಿನ ಜೋರು ಇರಲಿಲ್ಲ.

ಚಿಕ್ಕಮಾವ ಆ ದೊಡ್ಡ ತಪ್ಪಲೆಯನ್ನು ತಂದರು. ತಳದಲ್ಲಿ ಬೆಳ್ಳಗೆ ಹಕ್ಕಳೆ ಕಟ್ಟಿತ್ತು. ಅದನ್ನು ಚಾಕುವಿನಿಂದ ಕೆರೆದು, ಒಂದು ಚಮಚ ನೀರಿನಲ್ಲಿ ಕರಗಿಸಿ, ಹಳೆಯ ಪತ್ರಿಕೆಯ ಒಂದು ಪಟ್ಟಿಯನ್ನು ಅದರಲ್ಲಿ ಅದ್ದಿದರು. ಇನ್ನೊಂದು ಪಟ್ಟಿಯನ್ನು ತಮ್ಮ ಬಾಟಲಿಯ ಒರತೆ ನೀರಿನಲ್ಲಿ ಅದ್ದಿದರು. ಎರಡನ್ನೂ ಒಲೆಯ ಪಕ್ಕ ಒಣಗಿಸಿದರು. ಎಲ್ಲರೂ ಒಲೆಯ ಸುತ್ತ ನಿಂತಿದ್ದೆವು. ಒರತೆಯ ಪಟ್ಟಿಗೆ ಕೆಂಡ ತಾಗಿಸಿದರು, ಸಾಮಾನ್ಯ ಕಾಗದದಂತೆ ಉರಿದುಹೋಯಿತು. ಬಾವಿಯ ಪಟ್ಟಿಗೆ ತಾಗಿಸಿದರು. ಅದು ಉರಿಯಲಿಲ್ಲ. ಚರ್ರ್ ಎಂದು ಕಿಡಿ ಕಾರುತ್ತಾ, ಅಕ್ಷರಗಳನ್ನು ನುಂಗುತ್ತಾ, ಹರಿದುಕೊಂಡು ಹೋಯಿತು!

"ಕೋವಿ ಬತ್ತಿ!" ಎಂದರು ಮಾವನವರು. ಬೇಟೆಗೆ ಹೋಗುತ್ತಿದ್ದವರಿಗೆ ಪೆಟ್ಲುಪ್ಪು ಹೀರಿದ ಬತ್ತಿ ಹೇಗೆ ಉರಿಯುತ್ತದೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಆದರೂ ನಮ್ಮ ಮನೆಯವರಿಗೆ ಅನುಮಾನ. "ಡಾಕ್ಟ್ರು ಹೃದಯ ಅಂದವ್ರೆ. ನೀರು ಬದಲಾಯ್ಸಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ನನ್ನ ಮುಖ ನೋಡಿದರು. ಮಾವನವರೂ ನನ್ನ ಮುಖ ನೋಡಿದರು. ಆ ಮನೆಯಲ್ಲಿ ನನ್ನ ಮುಖವನ್ನು ಹಾಗೆ ಎಲ್ಲರೂ ಒಟ್ಟಿಗೆ ನೋಡಿದ್ದು ಅದೇ ಮೊದಲು. ನನಗೆ ಪೆಟ್ಲುಪ್ಪೂ ಅರ್ಥವಾಗಿರಲಿಲ್ಲ, ಹೃದಯವೂ ಅರ್ಥವಾಗಿರಲಿಲ್ಲ. ಸಂತೆಯಲ್ಲಿ ಎಲ್ಲರೂ ನಗುವ ಮನುಷ್ಯನ ಮಾತಿಗೆ ನನ್ನ ಮಗುವಿನ ಜೀವ ಒಪ್ಪಿಸಬೇಕೋ ಬೇಡವೋ? ಗೋಡೆ ಹಿಡಿದುಕೊಂಡು ಎದ್ದು, ಆರಲು ಇಟ್ಟಿದ್ದ ಬಾವಿ ನೀರನ್ನು ಅಂಗಳಕ್ಕೆ ಚೆಲ್ಲಿದೆ.

"ಒರತೆ ನೀರು ತನ್ನಿ ಚಿಕ್ಕಮಾವ" ಎಂದೆ.

ಅವರು ಓಡಿದರು. ನಿಜವಾಗಿ ಓಡಿದರು. ಆ ನೀರನ್ನೂ ಕುದಿಸಿದೆವು, ಆದರೆ ಒಂದೇ ಕುದಿ. ಗುಳ್ಳೆ ಬಂತೋ ಇಳಿಸಬೇಕು ಎಂದು ಅವರದೇ ಕಾವಲು. ಮಾರನೆಯ ದಿನ ಏನೂ ಬದಲಾಗಲಿಲ್ಲ. ಅದರ ಮಾರನೆಯ ದಿನ ಮಗು ಅತ್ತಿತು. ಸೂರು ಹಾರಿಹೋಗುವ ಹಾಗೆ ಅತ್ತಿತು. ಓಡಿ ಹೋಗಿ ನೋಡಿದೆ, ತುಟಿ ಕೆಂಪಗಿತ್ತು! ಅತ್ತೆಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಿಲಿಗೆ ಹೋದರು. ನಾನು ಹಿಂದೆಯೇ ಹೋಗಿ, "ನಿಮಗೆ ಹೇಗೆ ಗೊತ್ತಾಗಬೇಕಿತ್ತು ಅತ್ತೆ" ಎಂದು ಎಷ್ಟು ಹೇಳಿದರೂ, "ನನ್ನ ಕೈಯಾರೆ ಕುದಿಸ್ದೆ ಕಣವ್ವ" ಎಂಬುದೊಂದೇ ಮಾತು. ಆ ವಾರವೇ ಮಾವನವರು ಕೊಟ್ಟಿಗೆಯನ್ನು ಗುಡ್ಡದ ಆಚೆ ಬದಿಗೆ ಸಾಗಿಸಿದರು. ಮಡಿಕೇರಿಯ ಡಾಕ್ಟರು ಮಗುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹೃದಯ ಗಟ್ಟಿಮುಟ್ಟಾಗಿದೆ, ಯಾವ ಔಷಧಿ ಕೊಟ್ಟಿರಿ ಎಂದು ಕೇಳಿದರು. ನೀರು ಬದಲಾಯಿಸಿದೆವು ಎಂದಾಗ ಅವರೂ ನಮ್ಮಷ್ಟೇ ಗೊಂದಲಪಟ್ಟು ಒಂದು ಚೀಟಿಯಲ್ಲಿ ಬರೆದುಕೊಂಡರು.

ಎಷ್ಟೋ ವರ್ಷಗಳ ಮೇಲೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಭೂವಿಜ್ಞಾನ ಪಾಠ ಮಾಡುವವರೊಬ್ಬರು ಕೂತಿದ್ದರು. ಬಿಡುತ್ತೇನೆಯೇ? ಕೇಳಿದೆ. ಕೊಡಗಿನಲ್ಲಿ ಬೆಂಕಿಬೆಟ್ಟ ಇಲ್ಲವೇ ಇಲ್ಲ, ಆ ಕೆಂಪು ಕಲ್ಲಿನ ತೂತು ಮಳೆಯಿಂದ ಆದದ್ದು ಎಂದರು. ಗಂಜಲದ ಉಪ್ಪು ಯಾವ ನೆಲದಲ್ಲಾದರೂ ಬಾವಿಗೆ ಇಳಿಯುತ್ತದೆ, ದೊಡ್ಡವರಿಗೆ ಅದು ಅಷ್ಟಾಗಿ ತಾಗುವುದಿಲ್ಲ, ಎಳೆ ಕೂಸಿನ ಹೊಟ್ಟೆಯಲ್ಲಿ ಮಾತ್ರ ಅದು ಬದಲಾಗಿ ರಕ್ತವನ್ನು ಕೆಡಿಸುತ್ತದೆ ಎಂದೂ ಹೇಳಿದರು. ಅಂದರೆ ಮೇಷ್ಟ್ರ ಭೂಪಟವೂ ಸರಿ, ಚಿಕ್ಕಮಾವನ ಕಾಗದದ ಪಟ್ಟಿಯೂ ಸರಿ! ಹಾಗಿದ್ದರೆ ಇಲ್ಲದ ಬೆಂಕಿಬೆಟ್ಟಕ್ಕೆ ಈ ಮನುಷ್ಯ ಅಷ್ಟು ವರ್ಷ ಅಂಟಿಕೊಂಡಿದ್ದೇಕೆ? ಅದರ ಉತ್ತರ ಬಸ್ಸಿನವರ ಹತ್ತಿರ ಇರಲಿಲ್ಲ. ನನ್ನ ಹತ್ತಿರ ಇತ್ತು.

ಮಗು ಹುಷಾರಾಗಿ ಎರಡು ವಾರ ಆಗಿರಬೇಕು. ಚಿಕ್ಕಮಾವ ದಿನವೂ ಬೆಳಿಗ್ಗೆ ಒರತೆಯಿಂದ ಎರಡು ಬಿಂದಿಗೆ ಹೊತ್ತು ತರುತ್ತಿದ್ದರು. ನಾನು ಜಗುಲಿಯ ಮೇಲೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದೆ. ಬಿಂದಿಗೆ ಇಳಿಸಿ ಅವರೂ ಸ್ವಲ್ಪ ದೂರದಲ್ಲಿ ಕೂತರು. ಊರೆಲ್ಲ ಈಗ ಅವರನ್ನು ಹೊಗಳುತ್ತಿತ್ತು. ಮೂರು ಮನೆಯವರು ಬಂದು ತಮ್ಮ ಬಾವಿ ತೋರಿಸಿಕೊಂಡು ಹೋಗಿದ್ದರು. ಆದರೆ ಮನುಷ್ಯ ಬಾಡಿಹೋಗಿದ್ದರು. ಎರಡು ವಾರದಿಂದ ಯಾರಿಗೂ ಪಾಠ ಮಾಡಿರಲಿಲ್ಲ.

"ನಿಮಗೆ ಹೇಗೆ ತಿಳೀತು ಚಿಕ್ಕಮಾವ, ನೀರಿಂದ ಮಗು ನೀಲಿಯಾಗುತ್ತೆ ಅಂತ?" ಎಂದು ಕೇಳಿದೆ.

ಅವರು ಬಿಂದಿಗೆಯ ಬಾಯಿಗೆ ಬಟ್ಟೆ ಮುಚ್ಚಿ ಹೇಳಿದರು.

"ಇಟಲೀಲಿ ಒಂದು ಮನೆ ಅಂಗಳದಾಗೆ ನಮ್ಮ ಹೇಸರಗತ್ತೆ ಕಟ್ಟಿದ್ವು ಕಣವ್ವ. ಆರು ತಿಂಗ್ಳು. ಅಲ್ಲೇ ಒಂದು ಬಾವಿ. ನಾನೇ ನೀರು ನೋಡಿ, ಕುಡೀಬೋದು ಅಂತ ಹಲಗೆ ನೇತಾಕಿದ್ದೆ. ಆ ಮನೇಲಿ ಒಂದು ಹೆಂಗ್ಸು, ಎಳೇ ಮಗೀನ ತಾಯಿ. ಯುದ್ಧದ ಕಾಲ, ತಿನ್ನಕೆ ಏನೂ ಇಲ್ಲ, ಎದೇಲಿ ಹಾಲಿಲ್ಲ. ನಾನು ದಂಡಿನ ಹಾಲಿನ ಪುಡಿ ತಂದು, ನೀರು ಚೆನ್ನಾಗಿ ಕುದ್ಸಿ, ದಿನಾ ನಾನೇ ಕುಡಿಸ್ತಿದ್ದೆ. ನನ್ನ ಕಂಡ್ರೆ ನಗೋದು ಅದು. ಆಮೇಲೆ ನೀಲಿ ಆಯ್ತು. ನನ್ನ ತೋಳ ಮ್ಯಾಲೇ ಹೋಗ್ಬುಡ್ತು."

ನಾನು ಮಡಿಲಲ್ಲಿದ್ದ ಮಗುವಿನ ಉಗುರುಗಳನ್ನು ಇನ್ನೊಮ್ಮೆ ನೋಡಿದೆ.

"ಆಮೇಲೆ ದೊಡ್ಡ ಕ್ಯಾಂಪಿಂದ ಬಾವಿ ನೀರು ಪರೀಕ್ಷೆ ಮಾಡಿದ ಕಾಗದ ಬಂತು. ಹುಳ ಏನಿಲ್ಲ, ಪೆಟ್ಲುಪ್ಪು ಬಾಳ ಐತೆ ಅಂತ. ಅದಕ್ಕೂ ಇದಕ್ಕೂ ಸಂಬಂಧ ಐತಾ ಅಂತ ಕೇಳ್ದೆ. ಯಾರಿಗೂ ಗೊತ್ತಿಲ್ಲ. ಬೆಂಕಿಬೆಟ್ಟದ ಕಲ್ಲಲ್ವಾ, ಕಲ್ಲಿಂದೇ ದೋಷ ಇರ್ಬೇಕು ಅಂದ ಒಬ್ಬ. ಹೌದು, ಕಲ್ಲಿಂದೇ ಅಂತ ನಾನೂ ಹಿಡ್ಕೊಂಡೆ."

ಮಗು ನನ್ನ ಮಡಿಲಲ್ಲಿ ಕೈಕಾಲು ಬಡಿಯುತ್ತಿತ್ತು. ಅವರು ಅದನ್ನು ನೋಡದೆ ಅಂಗಳವನ್ನು ನೋಡುತ್ತಿದ್ದರು.

"ಇಲ್ಲಿ ಬೆಂಕಿಬೆಟ್ಟ ಇಲ್ಲ ಕಣವ್ವ. ಮೇಷ್ಟ್ರು ಹೇಳಿದ್ದು ನನಗೂ ಗೊತ್ತು. ಬೆಂಕಿಬೆಟ್ಟ ಇಲ್ದೇ ಇದ್ರೂ ಇಲ್ಲಿ ಹಂಗೇ ಆಯ್ತು ಅಂದ್ರೆ, ಅಲ್ಲಿ ಕಲ್ಲು ಏನೂ ಮಾಡಿರ್ನಿಲ್ಲ."

ಅಷ್ಟು ಹೇಳಿ ನಿಲ್ಲಿಸಿದರು. ಕಲ್ಲು ಅಲ್ಲದಿದ್ದರೆ ಇನ್ನು ಉಳಿದದ್ದು ಅವರ ಹೇಸರಗತ್ತೆಗಳು, ಅವರ ಹಲಗೆ, ಅವರು ಕುದಿಸಿದ ನೀರು. ನನ್ನ ಮಗುವನ್ನು ಉಳಿಸಿದ ದಿನವೇ, ಅಷ್ಟು ವರ್ಷ ಹಿಡಿದುಕೊಂಡಿದ್ದ ಒಂದೇ ಸಮಾಧಾನ ಅವರ ಕೈತಪ್ಪಿ ಹೋಗಿತ್ತು. ಇವರನ್ನು ನೋಡಿ ನಾವೆಲ್ಲ ಎಷ್ಟು ನಕ್ಕಿದ್ದೆವು! ನನಗೆ ನಾಚಿಕೆಯಾಯಿತು, ದುಃಖವೂ ಬಂತು. ಮಗು ಹುಟ್ಟಿದ ದಿನದಿಂದ ಅವರು ಒಂದು ಸಲವೂ ಅದನ್ನು ಎತ್ತಿಕೊಂಡಿರಲಿಲ್ಲ ಎಂಬುದು ಆಗ ಹೊಳೆಯಿತು. ಬ್ರಹ್ಮಚಾರಿಗೆ ಮಕ್ಕಳೆಂದರೆ ಆಗದು ಎಂದುಕೊಂಡಿದ್ದೆವು.

ನಾನು ಎದ್ದು ಹೋಗಿ ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿದೆ.

"ಬ್ಯಾಡ ಕಣವ್ವ, ನನ್ನ ಕೈಗೆ ಬ್ಯಾಡ" ಎಂದು ಕೈ ಹಿಂದಕ್ಕೆ ಎಳೆದುಕೊಂಡರು.

ಕಲಸಿಟ್ಟಿದ್ದ ಹಾಲಿನ ಒಳಲೆಯನ್ನು ಅವರ ಕೈಗೆ ಕೊಟ್ಟೆ. "ನೀವು ತಂದ ನೀರು. ನೀವೇ ಕುಡಿಸಿ ಚಿಕ್ಕಮಾವ" ಎಂದೆ.

ಮೊದಲ ಗುಟುಕು ಮಗುವಿನ ಕೆನ್ನೆಯ ಮೇಲೆಲ್ಲ ಹರಿಯಿತು. ನಾನು ಒರೆಸಿದೆ. ಎರಡನೆಯದು ಬಾಯೊಳಗೆ ಹೋಯಿತು. ಮೂರನೆಯದಕ್ಕೆ ಮಗು ತಾನೇ ಬಾಯಿ ತೆರೆಯಿತು. ಚಿಕ್ಕಮಾವ ಪ್ರತಿ ಗುಟುಕಿಗೂ ಒಳಲೆ ನಿಲ್ಲಿಸಿ, ಬಗ್ಗಿ, ತುಟಿ ನೋಡುತ್ತಿದ್ದರು. ಕಣ್ಣೀರು ಮೀಸೆಯ ಮೇಲೆ ಇಳಿಯುತ್ತಿತ್ತು.

"ಕೆಂಪಗೇ ಅವ್ನೆ ಕಣವ್ವ" ಎಂದರು. ಇನ್ನೊಂದು ಗುಟುಕು ಕುಡಿಸಿದರು. "ಕೆಂಪಗೇ ಅವ್ನೆ."